ಬಲ್ಬ್ ಉರಿದರೆ ಸಾಲದು, ಜನರೇಟರ್ ಕರೆಂಟ್ ನಂಬುವ ಮುಂಚೆ ಒಮ್ಮೆ ಅಳೀರಿ

ಮುಂಗಾರಿ ಹೆಸರು ರಾಶಿ ಮಾಡೋ ಹೊತ್ತು ಅಂದ್ರೆ ನಮ್ಮ ಧಾರವಾಡ ಜಿಲ್ಲೆಯಲ್ಲಿ ಮೋಡದ ಜೊತೆ ಓಟ. ಒಂದು ವರ್ಷ ನಮ್ಮ ಕಣದಲ್ಲಿ ಸಂಜೆ ಕರೆಂಟ್ ಹೋಯ್ತು. ಬಾಡಿಗೆ ಜನರೇಟರ್ ತಂದೆವು. ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ನಾಲ್ಕು ಬಲ್ಬ್, ತೂರುವ ಫ್ಯಾನ್, ಎಲೆಕ್ಟ್ರಾನಿಕ್ ಕಾಟಾ, ಎರಡು ಮೊಬೈಲ್. ಫ್ಯಾನ್ ಹಾಕಿದ ಕೂಡಲೇ ಬಲ್ಬ್ ಮಂಕಾದವು. "ಲೈಟ್ ಡಿಮ್ ಆಗಾಕತ್ತಾವು, ಸ್ವಲ್ಪ ರೇಸ್ ಏರಿಸೋ ತಮ್ಮಾ" ಅಂದ ನಮ್ಮಣ್ಣ. ಏರಿಸಿದೆ. ಲೈಟ್ ಝಗ್ ಅಂದ್ವು, ಎಲ್ಲರಿಗೂ ಖುಷಿ.

ತೂರೋದು ಮುಗೀತು, ಫ್ಯಾನ್ ಆಫ್ ಮಾಡಿದೆವು. ಇಂಜಿನ್ ಒಮ್ಮೆ ಗುರ್ ಅಂತು, ಕಾಟಾದ ಡಿಸ್‌ಪ್ಲೇ ಆರಿಹೋಯ್ತು. ಮರುದಿನ ವ್ಯಾಪಾರಿ ತನ್ನದೇ ಕಾಟಾ ತಂದ. ಅವನು ಹೇಳಿದ್ದೇ ತೂಕ. ಅವನು ಮೋಸ ಮಾಡಿದ ಅಂತ ನಾನು ಹೇಳಲ್ಲ. ಆದ್ರೆ ತಾಳೆ ನೋಡೋಕೆ ನಮ್ಮ ಕೈಯಲ್ಲಿ ಏನೂ ಇರಲಿಲ್ಲ. ನೋವಾಗಿದ್ದು ಅದಕ್ಕೇ.

ತಪ್ಪು ಜನರೇಟರಿಂದಲ್ಲ, ನನ್ನದು. ಸಾಮಾನ್ಯ ಪೋರ್ಟಬಲ್ ಜನರೇಟರಿನಲ್ಲಿ ಕರೆಂಟಿನ ಗುಣ ಇಂಜಿನ್ ಓಟದ ಮೇಲೆ ನಿಂತಿದೆ. ಹೆಚ್ಚಿನವು ನಿಮಿಷಕ್ಕೆ 3,000 ಸುತ್ತು ತಿರುಗಿದಾಗ 50 ಹರ್ಟ್ಜ್ ಕೊಡುತ್ತವೆ. ರೇಸ್ ಏರಿಸಿ 3,300 ಮಾಡಿದರೆ 55 ಹರ್ಟ್ಜ್, ಜೊತೆಗೆ ವೋಲ್ಟೇಜೂ ಏರಬಹುದು. ದೊಡ್ಡ ಲೋಡ್ ಥಟ್ಟನೆ ತೆಗೆದರೆ ಇಂಜಿನ್ ಹಗುರಾಗಿ ಓಡುತ್ತದೆ, ಗವರ್ನರ್ ಹಿಡಿದು ನಿಲ್ಲಿಸುವಷ್ಟರಲ್ಲಿ ವೋಲ್ಟೇಜ್ ಜಿಗಿದಿರುತ್ತದೆ. ಹಳದಿ ಬಲ್ಬ್ ಅದನ್ನು ತಡಕೋಬಹುದು, ಕಾಟಾದ ಅಡಾಪ್ಟರ್ ತಡಕೊಳ್ಳಲಿಕ್ಕಿಲ್ಲ.

"ನಮ್ಮ ಮೊಬೈಲ್ ಎಷ್ಟೋ ಸಲ ಜನರೇಟರಿಗೇ ಹಾಕೀವಿ, ಏನೂ ಆಗಿಲ್ಲ" ಅಂತೀರಿ. ನಿಜ. ಚಾರ್ಜರ್ ಮೇಲೆ 100–240 ವೋಲ್ಟ್, 50/60 ಹರ್ಟ್ಜ್ ಅಂತ ಬರೆದಿದ್ದರೆ ಅದಕ್ಕೆ ಸಣ್ಣ ಏರಿಳಿತ ತಡೆಯುವ ಶಕ್ತಿ ಇದೆ. ಆದ್ರೆ ಈಗ ಹೊಲಕ್ಕೆ ಹೋಗೋದು ಮೊಬೈಲ್ ಒಂದೇ ಅಲ್ಲ. ಡ್ರಿಪ್ ಕಂಟ್ರೋಲರ್, ಸಿಸಿ ಕ್ಯಾಮೆರಾ, ಲ್ಯಾಪ್‌ಟಾಪ್ ಇವೆ. ಸ್ಪ್ರೇ ಡ್ರೋನ್ ಬಂದ ಮೇಲಂತೂ ಬ್ಯಾಟರಿ ಚಾರ್ಜ್ ಮಾಡೋಕೆ ಬದುವಿನಲ್ಲೇ ಜನರೇಟರ್ ಇಡುತ್ತಾರೆ. 2023ರಲ್ಲಿ ಒಪ್ಪಿಗೆಯಾದ ನಮೋ ಡ್ರೋನ್ ದೀದಿ ಯೋಜನೆಯಲ್ಲಿ ಮಹಿಳಾ ಸಂಘಕ್ಕೆ ಗೊತ್ತುಮಾಡಿದ ಸಹಾಯಧನವೇ 8 ಲಕ್ಷ ರೂಪಾಯಿವರೆಗೆ ಇತ್ತು. ಅಷ್ಟು ಬೆಲೆಯ ಸಾಮಾನನ್ನು ಅಳತೆ ನೋಡದ ಕರೆಂಟಿಗೆ ಕೊಡೋದು ಜಾಣತನ ಅಲ್ಲ.

ನನ್ನ ಅಭಿಪ್ರಾಯ ನೇರ. ಮೋಟಾರಿಗೂ ಎಲೆಕ್ಟ್ರಾನಿಕ್ಸಿಗೂ ಒಂದೇ ಹೊತ್ತಿಗೆ ಒಂದೇ ಜನರೇಟರ್ ಬೇಡ. ಲೆಕ್ಕ ನೋಡಿ: 2.5 ಕೆವಿಎ ಅಂದ್ರೆ 0.8 ಪವರ್ ಫ್ಯಾಕ್ಟರಿಗೆ 2,000 ವ್ಯಾಟ್. 1 ಎಚ್‌ಪಿ ಮೋಟಾರ್ ಓಡುವಾಗ ಸುಮಾರು 1,000 ವ್ಯಾಟ್ ಎಳೆದರೂ, ಶುರುವಾಗುವ ಕ್ಷಣಕ್ಕೆ ಐದಾರು ಪಟ್ಟು ಆಂಪಿಯರ್ ಕೇಳುತ್ತದೆ. ಆ ಎಳೆತದ ಪೆಟ್ಟು ಪಕ್ಕದ ಪ್ಲಗ್ಗಿನಲ್ಲಿರುವ ಲ್ಯಾಪ್‌ಟಾಪಿಗೆ ಬೀಳುತ್ತದೆ.

ಹಾಗಾದ್ರೆ ಏನು ಮಾಡಬೇಕು? ಮೊದಲು ಒಂದು ಮಲ್ಟಿಮೀಟರ್ ತಗೊಳ್ಳಿ, ಹರ್ಟ್ಜ್ ತೋರಿಸುವಂಥದ್ದಾದರೆ ಇನ್ನೂ ಒಳ್ಳೇದು. ಜನರೇಟರ್ ಶುರು ಮಾಡಿ ಮೂರ್ನಾಲ್ಕು ನಿಮಿಷ ಬಿಡಿ, ಆಮೇಲೆ ಅಳೀರಿ. ನಾನು ಹಾಕಿಕೊಂಡ ಗೆರೆ 210ರಿಂದ 250 ವೋಲ್ಟ್. ಅದರಾಚೆ ಇದ್ದರೆ ಏನೂ ಚುಚ್ಚಲ್ಲ. ಬಂದ್ ಮಾಡುವಾಗ ಮೊದಲು ಪ್ಲಗ್ ಕೀಳೋದು, ಆಮೇಲೆ ಇಂಜಿನ್. ಎಣ್ಣೆ ಮುಗಿದು ತಾನೇ ನಿಲ್ಲೋಕೆ ಬಿಡಬೇಡಿ. ಕೊನೆಯ ಗಳಿಗೆಯಲ್ಲಿ ಇಂಜಿನ್ ತಡವರಿಸಿದಂತೆ ವೋಲ್ಟೇಜೂ ತಡವರಿಸುತ್ತದೆ.

ಸ್ಟೆಬಿಲೈಸರ್ ಇದೆಯಲ್ಲ ಅನ್ನಬೇಡಿ. ಅದು ವೋಲ್ಟೇಜ್ ತಿದ್ದುತ್ತದೆ, ಹರ್ಟ್ಜ್ ತಿದ್ದಲ್ಲ. ಮನೆ ಇನ್ವರ್ಟರ್ ನಡುವೆ ಇಟ್ಟರೂ ಅಷ್ಟೇ, ಹೊರಗಿನ ಕರೆಂಟ್ ಇರುವಾಗ ಹೆಚ್ಚಿನ ಇನ್ವರ್ಟರ್‌ಗಳು ಅದನ್ನೇ ಮುಂದೆ ದಾಟಿಸುತ್ತವೆ. ಅದಕ್ಕೇ ನಾನು ಈಗ ಮಾಡೋದು ಹೀಗೆ: ಜನರೇಟರಿನಿಂದ ಇನ್ವರ್ಟರ್ ಬ್ಯಾಟರಿ ಚಾರ್ಜ್ ಮಾಡಿ, ಜನರೇಟರ್ ಬಂದ್ ಮಾಡಿ, ಆಮೇಲೆ ಬ್ಯಾಟರಿ ಮೇಲೆ ಲ್ಯಾಪ್‌ಟಾಪ್, ಕಾಟಾ, ವೈಫೈ ನಡೆಸೋದು. ಪೆಟ್ರೋಲೂ ಉಳೀತದ, ಸದ್ದೂ ಇಲ್ಲ. ಇನ್ವರ್ಟರ್ ಸೈನ್‌ವೇವ್ ಇರಲಿ.

ಡ್ರೋನ್ ನಡೆಸುವವರಿಗೆ ಇನ್ವರ್ಟರ್ ಮಾದರಿಯ ಜನರೇಟರೇ ಸರಿ. ಅದು ಹುಟ್ಟಿದ ಕರೆಂಟನ್ನು ಮೊದಲು ಡಿಸಿ ಮಾಡಿ, ಮತ್ತೆ ಎಲೆಕ್ಟ್ರಾನಿಕ್ ಸರ್ಕ್ಯೂಟಿನಿಂದ ನಯವಾದ ಎಸಿ ಮಾಡಿಕೊಡುತ್ತದೆ. ಇಂಜಿನ್ ಓಟ ಏರಿಳಿದರೂ ಹರ್ಟ್ಜ್ ಕದಲಲ್ಲ. ರೇಟ್ ಜಾಸ್ತಿ, ಒಪ್ಪುತ್ತೇನೆ. ಒಬ್ಬೊಬ್ಬರೇ ಕೊಳ್ಳಬೇಕಿಲ್ಲ, ನಾಲ್ಕು ಜನ ಸೇರಿ ಒಂದು ತಗೊಳ್ಳಿ. ಅದನ್ನು ಮೋಟಾರಿಗೆ ಮಾತ್ರ ಕೊಡಬೇಡಿ.

ಇನ್ನೆರಡು ಮಾತು, ಇವು ಜೀವದ ಪ್ರಶ್ನೆ. ಎರಡೂ ಕಡೆ ಪಿನ್ ಇರುವ ವೈರ್ ಮಾಡಿ ಮನೆ ಸಾಕೆಟ್ಟಿಗೆ ಜನರೇಟರ್ ಚುಚ್ಚುವ ಚಾಳಿ ಬಿಡಿ. ಆ ಕರೆಂಟ್ ಹಿಂದಕ್ಕೆ ಹರಿದು ಟಿಸಿ ತಲುಪಿದರೆ 11,000 ವೋಲ್ಟ್ ಲೈನಿಗೆ ಏರಬಹುದು. "ಲೈನ್ ಬಂದ್ ಐತಿ" ಅಂತ ನಂಬಿ ಕಂಬ ಹತ್ತಿದ ಹೆಸ್ಕಾಂ ಲೈನ್‌ಮನ್ ನಿಮ್ಮೂರಿನ ಹುಡುಗನೇ ಆಗಿರಬಹುದು. ಚೇಂಜ್‌ಓವರ್ ಸ್ವಿಚ್ ಹಾಕಿಸಿ. ಮಳೆ ಬಂತು ಅಂತ ಜನರೇಟರನ್ನು ಮನೆಯೊಳಗೆ, ದನದ ಕೊಟ್ಟಿಗೆಯೊಳಗೆ ಇಡಬೇಡಿ. ಅದರ ಹೊಗೆಯ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಮಲಗಿದವರು ಏಳುವುದಿಲ್ಲ.

ಬಿತ್ತುವ ಮುಂಚೆ ಬೀಜದ ಮೊಳಕೆ ನೋಡ್ತೀವಿ, ನೀರು ಬಿಡುವ ಮುಂಚೆ ಮಡಿ ನೋಡ್ತೀವಿ. ಪ್ಲಗ್ ಚುಚ್ಚುವ ಮುಂಚೆ ಮೀಟರ್ ಹಿಡಿಯೋಕೆ ಅರ್ಧ ನಿಮಿಷ ಸಾಕು. ಆ ಅರ್ಧ ನಿಮಿಷ ಅವತ್ತು ಕೊಟ್ಟಿದ್ದರೆ, ನಮ್ಮ ಹೆಸರಿನ ತೂಕ ನಮ್ಮ ಕಾಟಾದಲ್ಲೇ ಆಗ್ತಿತ್ತು.