ಕಬ್ಬಿಣವಿದ್ದೂ ರಕ್ತವಿಲ್ಲ

"ಸರ್, ರಕ್ತದೊಳಗೆ ಕಬ್ಬಿಣ ಬಿಟ್ಟರೆ ಜಂಗು ಹಿಡಿಯುವುದಿಲ್ಲವೇ?"

ಒಂಬತ್ತನೆಯ ವರ್ಗದ ಹುಡುಗಿ ಕೇಳಿದಾಗ ಉಳಿದವರು ನಕ್ಕರು. ಅವಳು ನಗಲಿಲ್ಲ. ಅವಳ ತಂದೆಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ರಕ್ತಹೀನತೆಗೆ ಕಬ್ಬಿಣದ ಇಂಜೆಕ್ಷನ್ ಬರೆದಿದ್ದಾರೆ. ಗುಳಿಗೆ ಸಾಲದೇ ಎಂಬುದು ಮನೆಯವರ ಚಿಂತೆ.

ವಿದ್ಯಾರ್ಥಿ ಮಿತ್ರರೇ, ನಮ್ಮ ದೇಹದಲ್ಲಿರುವ ಕಬ್ಬಿಣ ಒಟ್ಟು 3ರಿಂದ 4 ಗ್ರಾಂ. ಹೊಸ ರಕ್ತಕಣಗಳಿಗೆ ದಿನಕ್ಕೆ 20ರಿಂದ 25 ಮಿಲಿಗ್ರಾಂ ಬೇಕು. ಊಟದಿಂದ ಸೇರುವುದು 1ರಿಂದ 2 ಮಿಲಿಗ್ರಾಂ ಮಾತ್ರ. ಉಳಿದದ್ದು ಸತ್ತ ಕಣಗಳಿಂದ ಮರಳಿ ಬರುತ್ತದೆ. ಇಷ್ಟು ಬಿಗಿಯಾದ ಜಮಾಖರ್ಚನ್ನು ನಾನು ಯಾವ ಸೊಸೈಟಿಯಲ್ಲೂ ನೋಡಿಲ್ಲ.

ಕಿಡ್ನಿ ಕೆಟ್ಟರೆ ಈ ಲೆಕ್ಕ ತಪ್ಪುತ್ತದೆ. ರಕ್ತಕಣ ತಯಾರಿಸಲು ಅಸ್ಥಿಮಜ್ಜೆಗೆ ಸೂಚನೆ ಕೊಡುವ ಎರಿತ್ರೊಪೊಯೆಟಿನ್ ಹುಟ್ಟುವುದೇ ಕಿಡ್ನಿಯಲ್ಲಿ. ಅದನ್ನು ಚುಚ್ಚುಮದ್ದಾಗಿ ಕೊಡಬಹುದು. ಆದರೆ ಕಬ್ಬಿಣವಿಲ್ಲದೆ ಸೂಚನೆಯೊಂದೇ ಏನು ಮಾಡೀತು?

ಬೇಸಿಗೆಯಲ್ಲಿ ನಮ್ಮ ಫಾಲ್ಸ್ ನೋಡಿ. ಮೇಲೆ ಹಿಡಕಲ್ ಜಲಾಶಯದಲ್ಲಿ ನೀರಿರುತ್ತದೆ, ಗೇಟು ಹಾಕಿರುತ್ತಾರೆ; ಇಲ್ಲಿ 170 ಅಡಿಯ ಬಂಡೆ ಒಣಗಿ ನಿಂತಿರುತ್ತದೆ. ಯಕೃತ್ತಿನಲ್ಲಿ ಹುಟ್ಟುವ ಹೆಪ್ಸಿಡಿನ್ ಎಂಬ ಹಾರ್ಮೋನು ಅಂಥ ಗೇಟು ಹಾಕುವವನು. ನಾನು ಬಿ.ಎಸ್ಸಿ. ಓದುವಾಗ ಈ ಹೆಸರೇ ಇರಲಿಲ್ಲ; ಇದು ಗೊತ್ತಾದದ್ದು 2000ದ ಆಸುಪಾಸಿನಲ್ಲಿ. ಕಿಡ್ನಿ ರೋಗಿಯಲ್ಲಿ ಹೆಪ್ಸಿಡಿನ್ ಏರುತ್ತದೆ. ಆಗ ಕರುಳಿನಿಂದ ಕಬ್ಬಿಣ ರಕ್ತಕ್ಕೆ ಸರಿಯಾಗಿ ಇಳಿಯದು, ಕೂಡಿಟ್ಟದ್ದೂ ಸಲೀಸಾಗಿ ಹೊರಬಾರದು. ಡಯಾಲಿಸಿಸ್ ಹಂತಕ್ಕೆ ಬರದವರಿಗೆ ಗುಳಿಗೆ ಕೆಲವೊಮ್ಮೆ ಸಾಕಾದೀತು. ಡಯಾಲಿಸಿಸ್‌ನವರಿಗೆ ಸಾಮಾನ್ಯವಾಗಿ ಸಾಲದು. ನಳಿಕೆಗಳಲ್ಲಿ ಉಳಿಯುವ, ಪರೀಕ್ಷೆಗೆ ತೆಗೆಯುವ ರಕ್ತದೊಂದಿಗೆ ವರ್ಷಕ್ಕೆ 1ರಿಂದ 2 ಗ್ರಾಂ ಕಬ್ಬಿಣವೂ ಹೋಗುತ್ತದೆ.

ಆದ್ದರಿಂದ ಕರುಳನ್ನು ಬಿಟ್ಟು ರಕ್ತನಾಳದ ದಾರಿ. ಇನ್ನು ಜಂಗಿನ ಮಾತು. ನಕ್ಕವರು ಕೇಳಿರಿ: ಐರನ್ ಸುಕ್ರೋಸ್ ಔಷಧದ ಕಣದೊಳಗಿರುವ ಕಬ್ಬಿಣದ ಸಂಯುಕ್ತ ಜಂಗಿನ ಹತ್ತಿರದ ನೆಂಟನೇ! ಬರಿ ಕಬ್ಬಿಣ ರಕ್ತಕ್ಕೆ ವಿಷ. ಅದಕ್ಕೇ ಸಕ್ಕರೆಯ ಕವಚ ತೊಡಿಸಿರುತ್ತಾರೆ. ದೇಹದ ಜೀವಕೋಶಗಳು ಅದನ್ನು ನುಂಗಿ, ಕವಚ ಬಿಡಿಸಿ, ಸ್ವಲ್ಪಸ್ವಲ್ಪವಾಗಿ ಬಿಡುತ್ತವೆ.

ಬ್ರಿಟನ್ನಿನ 2141 ಡಯಾಲಿಸಿಸ್ ರೋಗಿಗಳ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಕೊರತೆಯಾಗಲೆಂದು ಕಾಯದೆ ತಿಂಗಳಿಗೆ 400 ಮಿಲಿಗ್ರಾಂ ಪಡೆದವರಲ್ಲಿ ಸಾವು, ಹೃದಯಾಘಾತ ಮುಂತಾದವುಗಳ ಒಟ್ಟು ಪ್ರಮಾಣ ಕಡಿಮೆಯಿತ್ತು. ಆದರೆ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ 700 ದಾಟಿದರೆ ಅವರೂ ನಿಲ್ಲಿಸುತ್ತಿದ್ದರು. ಹೆಚ್ಚಾದ ಕಬ್ಬಿಣವನ್ನು ಹೊರಹಾಕುವ ದಾರಿ ದೇಹಕ್ಕಿಲ್ಲ. ಹೀಗಾಗಿ ಇದು ಕೇಳಿ ಹಾಕಿಸಿಕೊಳ್ಳುವ "ಶಕ್ತಿ ಬಾಟಲಿ" ಅಲ್ಲ. ಅಪರೂಪಕ್ಕೆ ತೀವ್ರ ಅಲರ್ಜಿಯೂ ಆಗುವುದರಿಂದ ಆಸ್ಪತ್ರೆಯಲ್ಲೇ ಕೊಡಬೇಕು. ಜ್ವರ, ಸೋಂಕು ಇದ್ದರೆ ಮೊದಲೇ ಹೇಳಬೇಕು.

ಪಾಲಕರಿಗೆ ಒಂದು ಮಾತು. ಹುಡುಗಿಯ ತಾಯಿ "ರಕ್ತ ಆಗಲಿ" ಎಂದು ಗಂಡನಿಗೆ ದಿನಾ ಬೀಟ್‌ರೂಟ್ ರಸ, ಖರ್ಜೂರ ಕೊಡುತ್ತಿದ್ದರಂತೆ. ಎರಡರಲ್ಲೂ ಪೊಟ್ಯಾಸಿಯಂ ಹೆಚ್ಚು. ಕೆಟ್ಟ ಕಿಡ್ನಿ ಅದನ್ನು ಹೊರಹಾಕಲಾರದು; ಏರಿದರೆ ಹೃದಯದ ಬಡಿತವೇ ನಿಂತೀತು. ಡಾಕ್ಟರರನ್ನು ಕೇಳಿ ಎಂದು ಅವಳ ನೋಟುಬುಕ್ಕಿನಲ್ಲಿ ಬರೆದು ಕಳಿಸಿದೆ. ರಸ ಮರುದಿನವೇ ನಿಂತಿತು. ತಂದೆಯ ಫೆರಿಟಿನ್ ಚೀಟಿ ಬಂದಮೇಲೆ ವರ್ಗಕ್ಕೆ ತರುತ್ತೇನೆಂದಿದ್ದಾಳೆ.