ರೊಟ್ಟಿಯ ಲೆಕ್ಕಕ್ಕೆ ಮರುಆಟವಿಲ್ಲ

ಮಕ್ಕಳು ಆಡಲಿ, ಬೇಡವೆಂದವರಾರು? ಆದರೆ ಆಟವನ್ನು ಆಟವೆನ್ನದೆ ಪಾಠವೆಂದು ಕರೆಯತೊಡಗಿದರೆ, ಇಪ್ಪತ್ತೆಂಟು ವರ್ಷ ಪಾಠ ಹೇಳಿಯೇ ಹೊಟ್ಟೆ ಹೊರೆದ ನನ್ನಂಥವಳು ಎರಡು ಮಾತು ಆಡಲೇಬೇಕಾಗುತ್ತದೆ. ಮೊಬೈಲಿನಲ್ಲಿ ಕ್ರಿಕೆಟ್ ಆಡಿದರೆ ವ್ಯಾಪಾರ ನಡೆಸುವ ವಿದ್ಯೆ ಬರುತ್ತದಂತೆ! ಈಗಿನ ಹೊಸ ಮಂತ್ರ ಇದು. ‘ಮ್ಯಾನೇಜ್‌ಮೆಂಟ್’ ಎಂಬ ಹಣೆಪಟ್ಟಿ ಹಚ್ಚಿಬಿಟ್ಟರೆ ಎಂಥ ಕಾಲಹರಣವೂ ಕಾಯಕವಾಗಿಬಿಡುತ್ತದೆ.

ರೋಣದಲ್ಲಿ ನನ್ನ ಕೈಯಲ್ಲಿ ಕಲಿತ ಹುಡುಗನೊಬ್ಬ ಈಗ ಹುಬ್ಬಳ್ಳಿಯಲ್ಲಿ ಬಿಬಿಎ ಓದುತ್ತಿದ್ದಾನೆ. ಸೂಟಿಗೆ ಬಂದಾಗ ನನಗೆ ಮೊಬೈಲು ತೋರಿಸಿ, “ಟೀಚರ್, ಇದು ಬರೇ ಆಟ ಅಲ್ರೀ. ಇದರಾಗ ಇಡೀ ಮ್ಯಾನೇಜ್‌ಮೆಂಟ್ ಐತ್ರಿ” ಎಂದು ಮೂರು ಸೂತ್ರ ಹೇಳಿದ. ಒಂದು, ಉಳಿದ ಓವರು ನೋಡಿ ಯಾವಾಗ ಹೊಡೆಯಬೇಕು, ಯಾವಾಗ ತಡೆಯಬೇಕು ಎಂಬ ಹದ. ಎರಡು, ಗೆದ್ದ ನಾಣ್ಯಗಳನ್ನು ಬ್ಯಾಟ್ಸ್‌ಮನ್ನನ ಮೇಲೆ ಹಾಕಬೇಕೋ ಬೌಲರನ ಮೇಲೆ ಹಾಕಬೇಕೋ ಎಂಬ ವಿವೇಚನೆ. ಮೂರು, ಸೋಲಿನಿಂದ ಎದೆಗುಂದದೆ ಮತ್ತೆ ಎದ್ದು ನಿಲ್ಲುವ ಧೈರ್ಯ.

ಇದು ಪೂರ್ತಿ ಸುಳ್ಳೆಂದು ನಾನು ಹೇಳುವುದಿಲ್ಲ. ಮೊದಲೆರಡರಲ್ಲಿ ಒಂದಿಷ್ಟು ಹುರುಳಿದೆ. ಚೌಕಾಬಾರ ಆಡಿದವರಿಗೂ ಯಾವ ಕಾಯಿ ನಡೆಸಬೇಕು, ಯಾವುದನ್ನು ಕಟ್ಟೆಯಲ್ಲಿ ಕಾಯ್ದಿರಿಸಬೇಕು ಎಂಬ ಲೆಕ್ಕ ಗೊತ್ತು. ಆದರೆ ಚೌಕಾಬಾರ ಆಡಿದ ನಮ್ಮ ಅಜ್ಜಿಯರು ತಮ್ಮನ್ನು ವ್ಯಾಪಾರ ಪಂಡಿತೆಯರೆಂದು ಕರೆದುಕೊಳ್ಳಲಿಲ್ಲ. ನನ್ನ ತಕರಾರು ಇರುವುದು ಮೂರನೆಯ ಸೂತ್ರದ ಮೇಲೆ. ಮೊಬೈಲಿನಲ್ಲಿ ಸೋತವನು ಕಳೆದುಕೊಳ್ಳುವುದೇನು? ಗುಂಡಿಯೊತ್ತಿದರೆ ಹೊಸ ಆಟ, ಹೊಸ ಹತ್ತು ವಿಕೆಟ್ಟು! ಬೆಲೆ ತೆರದ ಸೋಲು ಸೋಲೇ ಅಲ್ಲ. ಅದು ಕಲಿಸುವ ಧೈರ್ಯ ಧೈರ್ಯವೂ ಅಲ್ಲ.

ರೋಣ ಸೀಮೆಯ ಉಳ್ಳಾಗಡ್ಡಿ ರೈತನನ್ನು ಕೇಳಿ. ಬೀಜ, ಗೊಬ್ಬರ, ಆಳು ಎಲ್ಲಕ್ಕೂ ಸುರಿದು, ಚೀಲ ತುಂಬಿಸಿಕೊಂಡು ಮಾರುಕಟ್ಟೆಗೆ ಹೋದ ದಿನ ದರ ಬಿದ್ದರೆ ಅವನಿಗೆ ಒತ್ತಲು ಗುಂಡಿಯಿಲ್ಲ. ಹೆಂಡತಿಯ ಕೊರಳಿನ ಬಂಗಾರ ಒತ್ತೆ ಬೀಳುತ್ತದೆ. ನರಗುಂದದವರಿಗೆ ಇದನ್ನು ನಾನು ಹೇಳಬೇಕಿಲ್ಲ. 1980ರಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರು ಹೇಳಿದ್ದೂ ಒಂದು ಲೆಕ್ಕವನ್ನೇ: ನೀವು ಹೇಳಿದಷ್ಟು ನೀರು ಬಂದಿಲ್ಲ, ಬೆಳೆ ಹೆಚ್ಚಿಲ್ಲ, ಅಂದಮೇಲೆ ಬೆಟರ್‌ಮೆಂಟ್ ಲೆವಿ ಯಾತಕ್ಕೆ? ಆ ಲೆಕ್ಕ ಕೇಳಿದ್ದಕ್ಕೆ ಜುಲೈ 21ರಂದು ಗುಂಡು ಹಾರಿ ಜೀವಗಳು ಹೋದವು. ನರಗುಂದದಲ್ಲಿ ಇಂದಿಗೂ ವರ್ಷವರ್ಷ ಆ ದಿನ ಹುತಾತ್ಮರನ್ನು ನೆನೆಯುತ್ತಾರೆ. ಲಾಭ ನಷ್ಟದ ಮಾತು ಬೆರಳ ತುದಿಯ ಮಾತಲ್ಲವೆಂಬುದು ಈ ಮಣ್ಣಿಗೆ ಗೊತ್ತು.

ಇನ್ನು ಆ ಆಟ ಪುಕ್ಕಟೆ ಎನ್ನುವರು. ಅಂಗಡಿಯವನು ಪುಕ್ಕಟೆ ಕೊಟ್ಟಾಗ ಅವನ ಗಳಿಕೆ ಎಲ್ಲಿಂದ ಎಂದು ಕೇಳುವುದೇ ವ್ಯಾಪಾರದ ಮೊದಲ ಪಾಠ. ನಡುನಡುವೆ ಜಾಹೀರಾತು, ದಿನಕ್ಕೊಮ್ಮೆ ಬಂದು ಹೋದರೆ ಬಹುಮಾನ, ನಾಣ್ಯ ತೀರಿದರೆ ನಿಜವಾದ ರೊಕ್ಕ ಕೊಟ್ಟು ಕೊಳ್ಳುವ ಸೌಲಭ್ಯ! ಬಿ.ಎಡ್. ಓದಿದ ನಾವೆಲ್ಲ ಸ್ಕಿನ್ನರ್ ಎಂಬ ಅಮೆರಿಕದ ಮನೋವಿಜ್ಞಾನಿಯ ಪ್ರಯೋಗ ಓದಿದ್ದೇವೆ. ಕಾಳು ಯಾವಾಗ ಬೀಳುತ್ತದೆಂದು ತಿಳಿಯದ ಪಾರಿವಾಳ, ಗೊತ್ತಿದ್ದ ಪಾರಿವಾಳಕ್ಕಿಂತ ಹೆಚ್ಚು ಸಲ ಕುಕ್ಕುತ್ತದೆ. ಈ ಆಟಗಳಲ್ಲಿ ತೆರೆಯುವ ಬಹುಮಾನದ ಪೆಟ್ಟಿಗೆ ಅದೇ ಕಾಳು. ವ್ಯಾಪಾರ ನಿರ್ವಹಣೆ ಅಲ್ಲಿ ನಿಜವಾಗಿಯೂ ಉಂಟು, ಆದರೆ ಅದು ಆಟ ಮಾಡಿದವರ ಕೈಯಲ್ಲಿ. ನಮ್ಮ ಹುಡುಗ ಆ ಅಂಗಡಿಯ ಶಿಷ್ಯನಲ್ಲ, ಸರಕು.

ರೊಕ್ಕ ಕಟ್ಟಿ ಆಡುವ ಆಟಗಳದು ಬೇರೆಯೇ ಕತೆ. 2021ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಅವನ್ನು ನಿಷೇಧಿಸಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟು ಆ ಕಲಮುಗಳನ್ನು ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತು ಇಡೀ ದೇಶಕ್ಕೆ ಅನ್ವಯಿಸುವ ನಿಷೇಧದ ಕಾಯ್ದೆ ಮಾಡಿತು. ಅಷ್ಟು ದಿನದ ವಾದದಲ್ಲಿ ಕಂಪನಿಗಳು ಗುರಾಣಿಯಂತೆ ಹಿಡಿದ ಶಬ್ದ ‘ಕೌಶಲ’. ಇದು ಜೂಜಲ್ಲ, ಕೌಶಲ! ಅಲ್ಲಿ ಕೌಶಲ, ಇಲ್ಲಿ ಮ್ಯಾನೇಜ್‌ಮೆಂಟ್. ದೊಡ್ಡ ಶಬ್ದ ಕೇಳಿದಾಗ ಸೆರಗಿನ ಗಂಟು ಭದ್ರವಾಗಿದೆಯೇ ಎಂದು ಮುಟ್ಟಿ ನೋಡಿಕೊಳ್ಳುವುದು ಒಳ್ಳೆಯದು.

ಆಟದಿಂದಲೇ ಕಲಿಯಬೇಕೆಂದರೆ ಮೈಯ ಆಟವಿದೆಯಲ್ಲ! ನಮ್ಮ ಗದಗಿನ ಸುನೀಲ ಜೋಶಿ ಹುಡುಗನಾಗಿದ್ದಾಗ ಬೆಳಗಿನ ಜಾವ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ಶಾಲೆಯ ಹೊತ್ತಿಗೆ ಊರಿಗೆ ಮರಳುತ್ತಿದ್ದರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ ಹತ್ತು ಓವರಿನಲ್ಲಿ ಆರೇ ರನ್ನು ಕೊಟ್ಟು ಐದು ವಿಕೆಟ್ ಪಡೆದರು. ಆ ಹತ್ತು ಓವರಿನ ಹಿಂದೆ ಎಷ್ಟು ಬೆಳಗಿನ ನಿದ್ದೆ ಹೋಗಿತ್ತೋ! ಹೊತ್ತಿನ ಬೆಲೆ ತಿಳಿಯುವುದು ಹಾಗೆ.

ಹಾಗಾದರೆ ವ್ಯವಹಾರದ ಪಾಠಶಾಲೆ ಎಲ್ಲಿದೆ? ದೂರ ಹೋಗಬೇಡಿ. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. 1904ರ ಕಾಯ್ದೆಯಲ್ಲಿ ಹಳ್ಳಿಯ ಸಂಘಗಳಿಗೆ ಅಪರಿಮಿತ ಹೊಣೆಯೇ ನಿಯಮ. ಅಂದರೆ ಒಬ್ಬ ಸಾಲ ಮುಳುಗಿಸಿದರೆ ಉಳಿದವರ ಹೊಲಮನೆಗೂ ಅದರ ಬಿಸಿ ತಟ್ಟುತ್ತದೆ. ಯಾರಿಗೆ ಕೊಡಬೇಕು, ಎಷ್ಟು ಕೊಡಬೇಕು, ಹೇಗೆ ವಸೂಲು ಮಾಡಬೇಕು ಎಂಬುದನ್ನು ಆ ಭಯ, ಆ ಮರ್ಯಾದೆ ಕಲಿಸಿದವು.

ಗಜೇಂದ್ರಗಡಕ್ಕೆ ಬನ್ನಿ. ಪಟ್ಟೇದಂಚಿನ ಸೀರೆ ನೇಯುವ ಮಗ್ಗದ ಮುಂದೆ ಒಂದು ಗಳಿಗೆ ನಿಲ್ಲಿ. ಹಾಸಿನ ಎಳೆ ಹರಿದರೆ ಮೊದಲಿನಿಂದ ಶುರು ಮಾಡುವಂತಿಲ್ಲ. ಹರಿದಲ್ಲೇ ಹುಡುಕಿ, ಅಲ್ಲೇ ಗಂಟು ಹಾಕಿ, ಗಂಟು ಕಾಣದಂತೆ ಮುಂದುವರಿಯಬೇಕು. ಸೋಲಿನಿಂದ ಏಳುವುದೆಂದರೆ ಇದು.

ಮತ್ತೆ ನಮ್ಮ ಓಣಿಗಳಿಗೇ ಬನ್ನಿ. ಆ ಬಿಬಿಎ ಹುಡುಗನ ತಾಯಿ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಾಳೆ. ಲೆಕ್ಕ ಬರೆಯುವವಳು ಅವನ ಅಕ್ಕ. ಅವಳೂ ನನ್ನ ವಿದ್ಯಾರ್ಥಿನಿ, ಗಣಿತದಲ್ಲಿ ತಮ್ಮನಿಗಿಂತ ಚುರುಕು. ಪಿಯುಸಿಗೆ ಓದು ನಿಂತಿತು. ಜೋಳದ ದರ ಏರಿದಾಗ ರೊಟ್ಟಿಯ ದರ ಎಷ್ಟು ಏರಿಸಬೇಕು, ಲಗ್ನದ ದಿನಗಳಿಗೆಂದು ಖಡಕ್ ರೊಟ್ಟಿ ಎಷ್ಟು ಮಾಡಿಡಬೇಕು, ಯಾವ ಖಾನಾವಳಿಗೆ ಉದ್ರಿ ಕೊಡಬಹುದು, ಬಡಿಯಲು ಬರುವ ಇಬ್ಬರು ಹೆಂಗಸರ ಪಗಾರ ತಡವಾಗದಂತೆ ಎಲ್ಲಿಂದ ಹೊಂದಿಸಬೇಕು, ಎಲ್ಲವೂ ಅವಳ ವಹಿಯಲ್ಲಿದೆ. “ನೀನು ನಡೆಸುವುದೇ ಮ್ಯಾನೇಜ್‌ಮೆಂಟ್” ಎಂದರೆ ನಕ್ಕು, “ಅದೇನ್ರೀ ಟೀಚರ್, ಮನಿ ಕೆಲಸ” ಎನ್ನುತ್ತಾಳೆ. ಅವಳ ತಪ್ಪಲ್ಲ. ಯಾರೂ ಅವಳಿಗೆ ಬೇರೆ ಹೆಸರು ಹೇಳಿಲ್ಲ.

ನನ್ನ ಸಿಟ್ಟು ಇಲ್ಲಿಯದು. ತಮ್ಮನ ಬೆರಳಾಟಕ್ಕೆ ಬಯೋಡಾಟಾದಲ್ಲಿ ಒಂದು ಸಾಲು ಉಂಟು, ‘ನಾಯಕತ್ವ ಗುಣ’ ಎಂದು. ಅಕ್ಕನ ವಹಿಗೆ ಯಾವ ಕಾಗದದಲ್ಲೂ ಸಾಲಿಲ್ಲ. 2000ದಲ್ಲಿ ಆರಂಭವಾದ ಸ್ತ್ರೀಶಕ್ತಿ ಯೋಜನೆಯಿಂದೀಚೆಗೆ ವಾರವಾರ ಉಳಿತಾಯ ಕಟ್ಟಿ, ತಮ್ಮೊಳಗೇ ಸಾಲ ಕೊಟ್ಟು ತೀರಿಸಿ, ಠರಾವು ಬರೆಯುತ್ತ ಬಂದ ಹೆಂಗಸರು ನಮ್ಮ ಮೂರೂ ಊರುಗಳಲ್ಲಿದ್ದಾರೆ. ನಿರ್ವಹಣೆಯೆಂದರೆ ನಿಮ್ಮ ತೀರ್ಮಾನದ ಮೇಲೆ ಇನ್ನೊಬ್ಬರ ತುತ್ತು ನಿಂತಿರುವುದು. ಅದನ್ನು ದಿನವೂ ಹೊತ್ತವರನ್ನು ಬಿಟ್ಟು, ಯಾರ ತುತ್ತೂ ನಿಂತಿರದ ಆಟಕ್ಕೆ ಆ ಹೆಸರು ಕೊಡುವುದು ಅನ್ಯಾಯವಲ್ಲವೇ?

ಆದ್ದರಿಂದ ಅಕ್ಕಂದಿರೇ, ತಂಗಿಯರೇ, ಮೊಬೈಲು ಕಸಿದುಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಆಡುವಷ್ಟು ಆಡಲಿ. ಆದರೆ ಆಟದಿಂದ ವ್ಯಾಪಾರ ಕಲಿತೆನೆಂದು ಮಗ ಹೇಳಿದ ದಿನ ಅವನ ಕೈಗೆ ಮನೆಯ ಖರ್ಚಿನ ವಹಿ ಕೊಡಿ. ಒಂದು ತಿಂಗಳ ಸಂತೆ, ಹಾಲು, ಕರೆಂಟು ಬಿಲ್ಲು, ಬೀಗರ ಮನೆಯ ಮುಯ್ಯಿ ಎಲ್ಲ ಹೊಂದಿಸಿ ತೋರಿಸಲಿ. ಮಗಳು ಲೆಕ್ಕ ಬರೆಯುತ್ತಿದ್ದರೆ ಅವಳ ಅರ್ಜಿಯಲ್ಲಿ ನೀವೇ ಕೂತು ಆ ಸಾಲು ಬರೆಸಿ: ‘ಇಷ್ಟು ವರ್ಷ ವ್ಯಾಪಾರದ ಲೆಕ್ಕ ನೋಡಿಕೊಂಡ ಅನುಭವ’. ಓದು ನಿಂತಿದ್ದರೆ ಮುಂದುವರಿಸಿ. ಬಿಬಿಎ ಸೀಟು ಗಂಡುಹುಡುಗರಿಗಷ್ಟೇ ಎಂದು ಯಾವ ಕಾಯ್ದೆಯೂ ಹೇಳಿಲ್ಲ.