ಪಡೆದ ಪ್ರೀತಿಯ ಋಣ

ನಾನಿರುವ ಸಾಸವಡದಿಂದ ಕೇಡಗಾಂವ ಬಹಳ ದೂರವಲ್ಲ. ಅಲ್ಲಿ ಮುಕ್ತಿ ಸದನವನ್ನು ಕಟ್ಟಿದ ಪಂಡಿತಾ ರಮಾಬಾಯಿ 1858ರಲ್ಲಿ ಜನಿಸಿದ್ದು ನಮ್ಮ ಸಹ್ಯಾದ್ರಿಯ ಗಂಗಾಮೂಲದಲ್ಲಿ. ಕ್ಷಾಮಕಾಲದಲ್ಲಿ ತಂದೆತಾಯಿಯರನ್ನು ಕಳೆದುಕೊಂಡವರು ಅವರು. ಇಂಗ್ಲೆಂಡಿನಲ್ಲಿ, ಸಮಾಜ ಹೊರಗಿಟ್ಟ ಹೆಂಗಸರನ್ನು ಕ್ರೈಸ್ತ ಸೋದರಿಯರು ಆದರಿಸುವುದನ್ನು ಕಂಡು ಆ ಕರುಣೆಯ ಮೂಲವನ್ನು ಕೇಳಿದರು. ದೊರೆತ ಉತ್ತರ, ಯೇಸು ಮತ್ತು ಸಮಾರ್ಯದ ಸ್ತ್ರೀಯ ಕಥೆ. 1883ರಲ್ಲಿ ದೀಕ್ಷಾಸ್ನಾನ ಪಡೆದರು. 1896-97ರ ಬರದಲ್ಲಿ ಮಧ್ಯಪ್ರಾಂತ್ಯದಿಂದ ನೂರಾರು ಹೆಣ್ಣುಮಕ್ಕಳನ್ನು ಕರೆತಂದು ಸಲಹಿದರು. ಹಸಿವನ್ನು ಬಲ್ಲವರು ಉಣಿಸಿದರು.

ಬೇಡಿ ಬಂದವಳಿಗೆ ಬಾಗಿಲು ಮುಚ್ಚಿ ಪ್ರಾರ್ಥನೆಗೆ ಕುಳಿತದ್ದುಂಟು ನಾನು. ಅದು ಕೃತಜ್ಞತೆಯಲ್ಲ. ದೇವರಿಗೆ ಹಿಂದಿರುಗಿಸಲು ನಮ್ಮಲ್ಲೇನಿದೆ? ಅವನ ಪ್ರೀತಿಯ ಋಣವನ್ನು ಸಲ್ಲಿಸಬೇಕಾದದ್ದು ನೆರೆಯವರಿಗೆ, ಸ್ತುತಿಗೀತೆ ಆಮೇಲಿನದು.